ಸ್ಲಾಟಿಂಗ್ ಅಟ್ಯಾಚ್‌ಮೆಂಟ್ ಬಡಿಯತೊಡಗಿದರೆ

ಕೇಳುಗರಿಗೆ ನಮಸ್ಕಾರ. ಹಳೆಯ ಮಿಲ್ಲಿಂಗ್ ಮೆಷಿನ್‌ಗೆ ಸ್ಲಾಟಿಂಗ್ ಅಟ್ಯಾಚ್‌ಮೆಂಟ್ (ಟೂಲನ್ನು ಮೇಲೆ ಕೆಳಗೆ ಓಡಿಸಿ ಕೊರೆಯುವ ಜೋಡಣೆ) ಕೂರಿಸಿ ಗೇರಿನ ರಂಧ್ರದಲ್ಲಿ ಕೀವೇ (ಕೀ ಕೂರುವ ಉದ್ದನೆಯ ತೋಡು) ತೆಗೆಯಲು ಹೊರಟಾಗ ಟಕ್ ಟಕ್ ಎಂಬ ಬಡಿತ ಕೇಳಿಸುವುದುಂಟು. ಕೂಡಲೇ ಕೈ ಹೋಗುವುದು ಗಿಬ್ (ಜಾರುವ ಭಾಗದ ಸಡಿಲ ತೆಗೆಯುವ ಪಟ್ಟಿ) ಸ್ಕ್ರೂಗಳ ಕಡೆಗೆ. ಸ್ವಲ್ಪ ತಡೆಯಿರಿ. ಬಡಿತ ಸ್ಟ್ರೋಕಿನ, ಅಂದರೆ ಮೇಲೆ ಕೆಳಗಿನ ಓಟದ, ಯಾವ ಜಾಗದಲ್ಲಿ ಬರುತ್ತಿದೆ ಎಂದು ಮೊದಲು ಕಿವಿಗೊಟ್ಟು ಕೇಳಿ.

ರ‍್ಯಾಮ್ (ಟೂಲನ್ನು ಹೊತ್ತು ಮೇಲೆ ಕೆಳಗೆ ಓಡುವ ಭಾಗ) ದಿಕ್ಕು ಬದಲಿಸುವ ಹೊತ್ತಿಗೇ ಬಡಿತ ಕೇಳಿದರೆ ಗಿಬ್‌ಗಿಂತ ಹೆಚ್ಚು ಅನುಮಾನ ಪಡಬೇಕಾದದ್ದು ಸುತ್ತುವುದನ್ನು ಮೇಲೆ ಕೆಳಗಿನ ಓಟವಾಗಿಸುವ ಕ್ರ್ಯಾಂಕ್ ಪಿನ್, ಅದರ ಬುಷ್, ಇಲ್ಲವೇ ಸ್ಪಿಂಡಲ್ಲಿನ ಸುತ್ತನ್ನು ದಾಟಿಸುವ ಸ್ಪಿಂಡಲ್ ಮೂತಿಯ ಡ್ರೈವ್ ಕೀ. ಇವನ್ನು ಬೇರ್ಪಡಿಸಲು ಮೆಷಿನ್ನಿನ ಕರೆಂಟ್ ತೆಗೆದು, ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜನ್ನು ರ‍್ಯಾಮ್ ತುದಿಗೆ ಮುಟ್ಟಿಸಿ. ಸ್ಪಿಂಡಲ್ ತಿರುಗದಂತೆ ಹಿಡಿದು ರ‍್ಯಾಮನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಸ್ಟ್ರೋಕಿನ ನಡುವೆ ಒಮ್ಮೆ, ಪೂರ್ತಿ ಕೆಳಗಿಳಿದಾಗ ಇನ್ನೊಮ್ಮೆ. ತುದಿಯಲ್ಲಿ ಡ್ರೈವ್ ಕೀಯ ಸಡಿಲ ರ‍್ಯಾಮನ್ನು ಅಲುಗಿಸಲಾರದು, ಅಲ್ಲಿ ಕಾಣುವುದು ಪಿನ್ ಮತ್ತು ಬುಷ್ ಸವೆತವೇ. ನಡುವೆ ಮಾತ್ರ ಮುಳ್ಳು ಹೆಚ್ಚು ಓಡಿದರೆ ಡ್ರೈವ್ ಕೀಯನ್ನು ನೋಡಿ.

ಗಿಬ್ ಬಿಗಿಯುವಾಗ ಮರೆಯಬಾರದ ಮಾತೊಂದಿದೆ. ಹಳೆಯ ರ‍್ಯಾಮ್ ಹೆಚ್ಚು ಓಡಾಡಿದ ಭಾಗದಲ್ಲೇ ಹೆಚ್ಚು ಸವೆದಿರುತ್ತದೆ. ಅಲ್ಲಿ ಸರಿಮಾಡಿದರೆ ಸವೆಯದ ತುದಿಯಲ್ಲಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಅತಿ ಬಿಗಿಯಾದ ಜಾಗದಲ್ಲಿ ನಿಲ್ಲಿಸಿ ಸ್ಕ್ರೂ ಬಿಗಿದು, ಸುತ್ತಿನ ಎಂಟನೇ ಒಂದು ಭಾಗದಷ್ಟು ಹಿಂದೆ ಬಿಟ್ಟು, ಲಾಕ್‌ನಟ್ ಹಾಕಿ. ಗಟ್ಟಿಯಾದ ಹಳೆ ಎಣ್ಣೆಯನ್ನು ಮೊದಲೇ ಸೀಮೆಎಣ್ಣೆಯಲ್ಲಿ ತೊಳೆದಿರಬೇಕು. ಇಲ್ಲದಿದ್ದರೆ ನಿಮ್ಮ ಕೈಗೆ ಸಿಗುವುದು ಜಿಡ್ಡಿನ ಬಿಗಿ.

ಕೀವೇ ಮೇಲೆ ಆಳ, ಕೆಳಗೆ ತೆಳು ಬಂತೇ? ಫೀಡ್ ಕೊಡದೆ, ಅಂದರೆ ಗೇರನ್ನು ಟೂಲಿನ ಕಡೆಗೆ ಸರಿಸದೆ, ನಾಲ್ಕೈದು ಸ್ಟ್ರೋಕ್ ಓಡಿಸಿ. ತೆಳು ಭಾಗದಲ್ಲಿ ಚೂರು ಬರುತ್ತಾ ಈ ಟೇಪರ್ (ಆಳದ ಇಳಿಜಾರು) ಹೋದರೆ ಅದು ಬಾಗುವಿಕೆ: ರ‍್ಯಾಮ್ ಕೆಳಗಿಳಿದಷ್ಟೂ ಗೈಡಿನ ಆಧಾರದಿಂದ ಹೊರಗೆ ಚಾಚುತ್ತದೆ, ಅದಕ್ಕೇ ಕೆಳಗಡೆ ಟೂಲ್ ಹೆಚ್ಚು ಹಿಂಜರಿಯುತ್ತದೆ. ಕೆಲಸವನ್ನು (ಕೊರೆಯುತ್ತಿರುವ ಗೇರನ್ನು) ಎತ್ತರಿಸಿ ಸ್ಟ್ರೋಕನ್ನು ಮೇಲೆ ಸರಿಸಿದರೆ ಕಡಿಮೆಯಾದೀತು. ಟೇಪರ್ ಹಾಗೇ ಉಳಿದರೆ ಅಟ್ಯಾಚ್‌ಮೆಂಟಿನ ತಲೆ ಓರೆಯಾಗಿದೆ. ಟೇಬಲ್ ಮೇಲೆ ಟ್ರೈಸ್ಕ್ವೇರ್ ನಿಲ್ಲಿಸಿ, ರ‍್ಯಾಮಿಗೆ ಕಟ್ಟಿದ ಡಯಲ್ ಗೇಜನ್ನು ಅದರ ಮೇಲೆ ಓಡಿಸಿ, ಮುಂದಿನಿಂದಲೂ ಪಕ್ಕದಿಂದಲೂ.

ಇನ್ನು ಟೂಲ್. ಲೇಥ್ ಟೂಲಿನಂತೆ ಸಾಣೆ ಹಿಡಿಯುವುದು ಇಲ್ಲಿ ನಡೆಯದು. ಇಲ್ಲಿ ಕತ್ತರಿಸುವ ಬಲ ಟೂಲಿನ ಉದ್ದಕ್ಕೆ ಬರುತ್ತದೆ. ರೇಕ್ (ಚೂರು ಜಾರಿಹೋಗುವ ಮುಖದ ಓರೆ) ಇರಬೇಕಾದ್ದು ಟೂಲಿನ ಕೆಳಮುಖದಲ್ಲಿ, ಕ್ಲಿಯರೆನ್ಸ್ (ಉಜ್ಜದಂತೆ ಬಿಡುವ ಓರೆ) ಕೆಲಸದ ಕಡೆಯ ಮುಖದಲ್ಲಿ. ಕ್ಲಿಯರೆನ್ಸ್ ಕಡಿಮೆಯಾದರೆ ಉಜ್ಜುತ್ತದೆ, ರೇಕ್ ಅತಿಯಾದರೆ ಟೂಲ್ ಒಳಕ್ಕೆ ಕಚ್ಚಿ, ಟೇಬಲ್ ಸ್ಕ್ರೂವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್‌ನಷ್ಟು ಕೆಲಸವನ್ನೇ ತನ್ನೆಡೆಗೆ ಎಳೆದುಕೊಳ್ಳುತ್ತದೆ. ಫೀಡ್ ಇಲ್ಲದ ಅಕ್ಷಗಳನ್ನು ಲಾಕ್ ಮಾಡಿ, ಫೀಡ್ ಇರುವ ಅಕ್ಷದ ಗಿಬ್ಬನ್ನು ತುಸು ಬಿಗಿಯಾಗಿಡಿ.

ವೇಗದ ಲೆಕ್ಕ ಸುಲಭ. 50 ಮಿ.ಮೀ. ಸ್ಟ್ರೋಕಿಗೆ ನಿಮಿಷಕ್ಕೆ 60 ಸುತ್ತು ಕೊಟ್ಟರೆ ಸರಾಸರಿ ವೇಗ ನಿಮಿಷಕ್ಕೆ 6 ಮೀಟರ್. ಆದರೆ ಸ್ಟ್ರೋಕಿನ ನಡುವೆ ಅದು ಸುಮಾರು ಒಂಬತ್ತೂವರೆಗೆ ಏರುತ್ತದೆ. ನಡುವೆ ಮಾತ್ರ ಟೂಲ್ ಕಿರುಗುಟ್ಟಿದರೆ ಕಾರಣ ಇದೇ ಇದ್ದೀತು, ಒಂದು ಗೇರ್ ಇಳಿಸಿ ನೋಡಿ. ಮೈಲ್ಡ್ ಸ್ಟೀಲಿಗೆ ಸ್ಟ್ರೋಕಿಗೆ 0.05 ಮಿ.ಮೀ. ಫೀಡ್‌ನಿಂದ ಶುರುಮಾಡಿ, ಫೀಡನ್ನು ಟೂಲ್ ಕೆಲಸದಿಂದ ಹೊರಬಂದು ಮೇಲಿರುವಾಗಷ್ಟೇ ಕೊಡಿ.