ಕಾಲಿರೋಯೆಯ ಎರಡು ಗುಟ್ಟುಗಳು

ಕೇಳುಗರಿಗೆ ನಮಸ್ಕಾರ. ಪ್ರಾಚೀನ ಗ್ರೀಕ್ ಭಾಷೆಯ ಪ್ರೇಮ ಮತ್ತು ಸಾಹಸದ ಕಾದಂಬರಿಗಳಲ್ಲಿ ಪೂರ್ತಿಯಾಗಿ ಉಳಿದುಬಂದಿರುವುವು 5 ಮಾತ್ರ. ಅನುರಾಗ, ಅಗಲಿಕೆ, ಕಡಲುಗಳ್ಳರು, ಸೆರೆ, ಕೊನೆಗೆ ಪುನರ್ಮಿಲನ ಎಂಬ ಹಂದರ ಹೆಚ್ಚುಕಡಿಮೆ ಎಲ್ಲಕ್ಕೂ ಒಂದೇ. ಇವುಗಳಲ್ಲಿ ಬಹುಶಃ ಅತ್ಯಂತ ಹಳೆಯದಾದ, ಸುಮಾರು ಕ್ರಿ.ಶ. 1ನೇ ಶತಮಾನದ್ದೆನ್ನಲಾದ ‘ಕಾಲಿರೋಯೆ’ಯ ಕರ್ತೃ ಖಾರಿಟನ್, ತಾನು ಅಫ್ರೋಡಿಸಿಯಸ್ ಊರಿನವನು, ವಾಗ್ಮಿ ಅಥೆನಾಗೊರಸನ ಗುಮಾಸ್ತ ಎಂದು ಮೊದಲ ವಾಕ್ಯದಲ್ಲೇ ಹೇಳಿಕೊಳ್ಳುತ್ತಾನೆ.

ನಾಯಕಿ ಕಾಲಿರೋಯೆ, ಸಿಸಿಲಿ ದ್ವೀಪದ ಗ್ರೀಕ್ ನಗರ ಸಿರಕ್ಯೂಸಿನ ದಂಡನಾಯಕ ಹರ್ಮೊಕ್ರಟೀಸನ ಮಗಳು. ಈ ತಂದೆ ಇತಿಹಾಸದಲ್ಲಿ ನಿಜಕ್ಕೂ ಇದ್ದವನು, ಕ್ರಿ.ಪೂ. 413ರಲ್ಲಿ ಅಥೆನ್ಸಿನ ದಂಡು ಸಿರಕ್ಯೂಸಿನಲ್ಲಿ ಮಣ್ಣುಮುಕ್ಕಿದಾಗ ಆ ಊರಿನ ಮುಂದಾಳುಗಳಲ್ಲೊಬ್ಬ. ಚಾಡಿಮಾತಿಗೆ ಕಿವಿಗೊಟ್ಟ ಗಂಡ ಕೈರಿಯಸ್ ಒದ್ದಾಗ ಅವಳು ಉಸಿರುಕಟ್ಟಿ ಬೀಳುತ್ತಾಳೆ. ಸತ್ತಳೆಂದೇ ತಿಳಿದು ಸಮಾಧಿ ಮಾಡುತ್ತಾರೆ. ಗೋರಿಗೆ ಕನ್ನ ಹಾಕಿದ ಕಡಲುಗಳ್ಳ ಥೆರಾನ್, ಅಲ್ಲಿ ಎಚ್ಚೆತ್ತಿದ್ದವಳನ್ನೂ ಹೊತ್ತೊಯ್ದು ಏಷ್ಯಾ ಮೈನರಿನ ಮಿಲೆಟಸಿನಲ್ಲಿ ಮಾರುತ್ತಾನೆ. ಅವಳು ಸೇರಿದ ಮನೆಯ ಒಡೆಯ ಡಯೊನೀಸಿಯಸ್ ಸಜ್ಜನ, ಮನಸೋತರೂ ಬಲಾತ್ಕಾರಕ್ಕಿಳಿಯುವುದಿಲ್ಲ.

ಅಷ್ಟರಲ್ಲಿ ಅವಳಿಗೆ ತಾನು ಕೈರಿಯಸನಿಂದ ಗರ್ಭಿಣಿಯೆಂದು ತಿಳಿಯುತ್ತದೆ. ಮುಂದಿನ ದೃಶ್ಯ ಈ ಕಾದಂಬರಿಯ ಜೀವಾಳವೆಂಬುದು ನನ್ನ ಅಭಿಪ್ರಾಯ. ತನ್ನ ಬಳಿಯಿದ್ದ ಗಂಡನ ಚಿತ್ರವನ್ನು ಹೊಟ್ಟೆಗೆ ಒತ್ತಿಕೊಂಡು, ನಾವು ಮೂವರಿದ್ದೇವೆ, ಗಂಡ, ಹೆಂಡತಿ, ಮಗು, ಎಲ್ಲರೂ ಸೇರಿ ತೀರ್ಮಾನಿಸೋಣ ಎಂದು ಅವಳು ಸಭೆಯನ್ನೇ ಕೂಡಿಸುತ್ತಾಳೆ. ಅವಳ ಮತ ಸಾವಿಗೆ; ಮಗುವಿನ ಮತ ಬದುಕಿಗೆ; ಕನಸಿನಲ್ಲಿ ಕಾಣಿಸಿಕೊಂಡ ಗಂಡ ಮಗನನ್ನು ನಿನಗೊಪ್ಪಿಸಿದ್ದೇನೆಂದು ಹೇಳಿರುವುದರಿಂದ ಅವನ ಮತವೂ ಬದುಕಿಗೇ. ಮಗು ಬದುಕಲೆಂದು ಅವಳು ಡಯೊನೀಸಿಯಸನನ್ನು ಮದುವೆಯಾಗುತ್ತಾಳೆ. ಹುಟ್ಟಿದ ಮಗು ತನ್ನದೇ ಎಂದು ಅವನು ನಂಬುತ್ತಾನೆ.

ಅವಳನ್ನು ಹುಡುಕಿಕೊಂಡು ಕೈರಿಯಸ್ ಬರುತ್ತಾನೆ. ಬ್ಯಾಬಿಲೋನಿನಲ್ಲಿ ಪರ್ಷಿಯಾದ ದೊರೆಯ ಮುಂದೆ ಇಬ್ಬರು ಗಂಡಂದಿರ ವ್ಯಾಜ್ಯ, ಆಮೇಲೆ ಈಜಿಪ್ಟಿನವರ ದಂಗೆ, ಯುದ್ಧ; ಇವೆಲ್ಲ ಮುಗಿದು ದಂಪತಿಗಳು ಒಂದಾದ ಮೇಲೆ ಕಾಲಿರೋಯೆ ಡಯೊನೀಸಿಯಸನಿಗೆ ಸ್ವಂತ ಕೈಯಿಂದ ಪತ್ರ ಬರೆದು, ಯುದ್ಧದಲ್ಲಿ ಕೈರಿಯಸನಿಗೆ ಸೆರೆಸಿಕ್ಕಿ ಈಗ ಬಿಡುಗಡೆಗೊಂಡು ಹೊರಟಿದ್ದ ಪರ್ಷಿಯಾದ ರಾಣಿ ಸ್ಟಟೀರಾಳ ಕೈಗೆ ಕೊಡುತ್ತಾಳೆ. ಮಗನನ್ನು ಚೆನ್ನಾಗಿ ಬೆಳೆಸಿ, ದೊಡ್ಡವನಾದ ಮೇಲೆ ಸಿರಕ್ಯೂಸಿಗೆ ಕಳಿಸಬೇಕೆಂಬ ಕೋರಿಕೆ ಅದರಲ್ಲಿದೆ; ಮಗು ಯಾರದೆಂಬ ಮಾತು ಅಲ್ಲೂ ಇಲ್ಲ.

ಕೊನೆಯದಾದ ಈ 8ನೇ ಭಾಗದಲ್ಲಿ ಇನ್ನು ದರೋಡೆ, ದಾಸ್ಯ, ವ್ಯಾಜ್ಯ, ಯುದ್ಧ ಇರುವುದಿಲ್ಲ, ಧರ್ಮಸಮ್ಮತವಾದ ಪ್ರೇಮ, ದಾಂಪತ್ಯಗಳಷ್ಟೇ ಇರುತ್ತವೆ ಎಂದು ಖಾರಿಟನ್ ಓದುಗರಿಗೆ ಮೊದಲೇ ಭರವಸೆ ಕೊಟ್ಟಿದ್ದಾನೆ. ಆದರೆ ಆ ಪತ್ರದ ಸಂಗತಿಯನ್ನು ಕಾಲಿರೋಯೆ ಕೈರಿಯಸನಿಂದ ಮುಚ್ಚಿಟ್ಟಳೆಂದೂ, ಅವನ ಹುಟ್ಟು ಮತ್ಸರ ಅವಳಿಗೆ ಗೊತ್ತಿತ್ತೆಂದೂ ಬರೆದವನು ಅವನೇ. ಗಂಡ ರಣದಲ್ಲಿ ಗೆದ್ದು ಬಂದಿದ್ದರೂ ಒದ್ದ ಗಂಡನನ್ನು ಅವಳು ಮರೆತಿರಲಿಲ್ಲ.