ಪಾಲುದಾರನನ್ನು ಬಿಡಿಸುವ ಮುಂಚೆ ಪತ್ರ ತೆಗೆದು ಓದಿ

ಕೇಳುಗರಿಗೆ ನಮಸ್ಕಾರ. ನಮ್ಮ ಮಲೆನಾಡಿನಲ್ಲಿ ಇಬ್ಬರು ಮೂವರು ಸೇರಿ ಚೇಣಿ ಹಿಡಿಯುವುದು, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಪಡೆಯುವುದು, ಅಡಿಕೆ ಸುಲಿಯುವ ಮೆಷಿನ್ ಹಾಕುವುದು, ಶಿವಮೊಗ್ಗದಲ್ಲಿ ಮಂಡಿ ತೆರೆಯುವುದು ಇದ್ದದ್ದೇ. ಸೇರುವಾಗ ಪಾಲುದಾರಿಕೆ ಪತ್ರದಲ್ಲಿ ಲಾಭ ಹಂಚುವುದನ್ನು ಬರೆಯುತ್ತಾರೆ. ಒಬ್ಬ ಬಿಡಬೇಕಾದರೆ ಹೇಗೆ ಅಂತ ಮಾತ್ರ ಬರೆಯುವುದಿಲ್ಲ. ದಯವಿಟ್ಟು ಬರೆಯಿರಿ. ವಕೀಲನಾಗಿ ಇವತ್ತು ನಾನು ಹೇಳಲು ಬಂದಿರುವುದು ಇದೊಂದನ್ನೇ.

ಹೊಸನಗರದ ಕಡೆಯ ಮೂವರು ನನ್ನ ಕಕ್ಷಿದಾರರು. ಭಾವ, ಭಾವಮೈದ, ಜೊತೆಗೊಬ್ಬ ಸ್ನೇಹಿತ. ಹಸಿ ಅಡಿಕೆ ಕೊಂಡು, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವ ಕೆಲಸ. ತೋಟದವರಿಗೆ ಮುಂಗಡ ಕೊಡುವುದು ಸ್ನೇಹಿತನ ಪಾಲಿಗೆ. ಆತ ಅದನ್ನು ಜೇಬಿನ ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ, ಖಾತೆ ಪುಸ್ತಕಕ್ಕೆ ಏರಿಸುತ್ತಿರಲಿಲ್ಲ. ಕೇಳಿದರೆ, "ನನ್ನ ಮೇಲೆ ನಂಬಿಕೆ ಇಲ್ವಾ?" ಅನ್ನುತ್ತಿದ್ದ. ಉಳಿದಿಬ್ಬರು ಸಿಟ್ಟಾಗಿ ಒಂದು ರಾತ್ರಿ ಗೋಡೌನಿನ ಬೀಗ ಬದಲಾಯಿಸಿದರು. ಬೆಳಿಗ್ಗೆ ಆತ ಸೀದಾ ಬ್ಯಾಂಕಿಗೆ ಹೋಗಿ, ಪಾಲುದಾರರಲ್ಲಿ ತಕರಾರಿದೆ ಅಂತ ಬರೆದುಕೊಟ್ಟ. ಖಾತೆ ನಿಂತಿತು. ಅದೂ ಕೊಯ್ಲಿನ ನಡುವೆ! ಚಪ್ಪರದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿದೆ, ಸುಲಿದ ಹೆಂಗಸರು ಬಟವಾಡೆಗೆ ಕಾದು ಕೂತಿದ್ದಾರೆ. ಆಗ ನನ್ನ ಹತ್ತಿರ ಬಂದರು. "ನಾವು ಇಬ್ಬರು, ಅವನು ಒಬ್ಬ. ತೆಗೆದುಹಾಕಬಹುದು ಅಲ್ವಾ ಸಾರ್?"

ಆಗುವುದಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 33ನೇ ಕಲಂ ನೋಡಿ. ಪತ್ರದಲ್ಲಿ ಆ ಅಧಿಕಾರ ಬರೆದಿರದಿದ್ದರೆ, ಎಷ್ಟೇ ಬಹುಮತವಿದ್ದರೂ ಪಾಲುದಾರನನ್ನು ಹೊರಹಾಕುವಂತಿಲ್ಲ. ಬರೆದಿದ್ದರೂ ಅದನ್ನು ಪ್ರಾಮಾಣಿಕವಾಗಿ ಬಳಸಬೇಕು, ಅವನ ಪಾಲು ನುಂಗುವುದಕ್ಕಲ್ಲ. ಇವರ ಪತ್ರದಲ್ಲಿ ಆ ಸಾಲೇ ಇರಲಿಲ್ಲ.

ಕೊನೆಗೆ ಊರಿನ ಹಿರಿಯರೊಬ್ಬರ ಜಗಲಿಯ ಮೇಲೆ ಕೂರಿಸಿದೆವು. ಜೇಬಿನ ಪುಸ್ತಕ ಹೊರಗೆ ಬಂತು. ತೋಟದವರನ್ನು ಒಬ್ಬೊಬ್ಬರಾಗಿ ಕರೆಸಿ ಮುಂಗಡ ತಾಳೆ ನೋಡಿದರು. ಮೆಷಿನ್ನಿಗೆ ಹೊರಗಿನವರಿಂದ ಬೆಲೆ ಕಟ್ಟಿಸಿದರು. ಸ್ನೇಹಿತ ಒಪ್ಪಿ ನಿವೃತ್ತಿ ಪತ್ರಕ್ಕೆ ಸಹಿ ಹಾಕಿದ. ಅಷ್ಟರಲ್ಲಿ ಒಳ್ಳೆಯ ರೇಟು ಹೋಗಿತ್ತು, ಅಡಿಕೆ ಅರ್ಧ ಬೂಸ್ಟು ಹಿಡಿದಿತ್ತು.

ಹಾಗಾಗಿ ಮತ್ತೆ ಹೇಳುತ್ತೇನೆ, ಸ್ನೇಹ ಚೆನ್ನಾಗಿರುವಾಗಲೇ ಬರೆಯಿರಿ. ಯಾವ ತಪ್ಪಿಗೆ ಬಿಡಿಸಬಹುದು, ಪಾಲಿಗೆ ಬೆಲೆ ಕಟ್ಟುವವರು ಯಾರು, ಹಣ ಎಷ್ಟು ಕಂತಿನಲ್ಲಿ, ಜಗಳವಾದರೆ ಪಂಚಾಯ್ತಿ ಯಾರದ್ದು. ಒಂದು ಪುಟ ಸಾಕು. "ನಾವು ಅಣ್ಣತಮ್ಮಂದಿರ ಹಾಗೆ, ನಮಗ್ಯಾಕೆ ಅದು?" ಅನ್ನುವವರಿಗೇ ಹೇಳುತ್ತಿದ್ದೇನೆ. ಪಾಲುದಾರಿಕೆ ಸಂಸ್ಥೆಯ ನೋಂದಣಿಯನ್ನೂ ಮಾಡಿಸಿ. ಇಲ್ಲದಿದ್ದರೆ ಪತ್ರದಲ್ಲಿರುವ ಹಕ್ಕಿಗಾಗಿ ಪಾಲುದಾರನ ಮೇಲೆ ದಾವೆ ಹಾಕಲು ಬರುವುದಿಲ್ಲ, ಸಂಸ್ಥೆ ಮುಚ್ಚಿಸಿ ಲೆಕ್ಕ ಕೇಳಬಹುದು ಅಷ್ಟೇ.

ಸಮಯ ಮುಗಿಯುತ್ತಾ ಬಂತು. ಇರುವವರು ಇಬ್ಬರೇ ಆದರೆ, ಒಬ್ಬ ಬಿಟ್ಟರೆ ಪಾಲುದಾರಿಕೆಯೇ ಮುಗಿಯಿತು. ಬಿಟ್ಟವನ ಲೆಕ್ಕ ತೀರಿಸದೆ ವ್ಯಾಪಾರ ಮುಂದುವರಿಸಿದರೆ, ಆತ ತನ್ನ ಪಾಲಿನ ಲಾಭವನ್ನೋ ವರ್ಷಕ್ಕೆ 6% ಬಡ್ಡಿಯನ್ನೋ ಕೇಳಬಹುದು. ನೋಂದಣಿಯಾದ ಸಂಸ್ಥೆಯಾದರೆ, ಆತ ಬಿಟ್ಟ ವಿಷಯವನ್ನು ರಿಜಿಸ್ಟ್ರಾರರಿಗೆ ತಿಳಿಸಿ, ರಾಜ್ಯಪತ್ರದಲ್ಲೂ (ಸರ್ಕಾರಿ ಗೆಜೆಟ್) ನಿಮ್ಮ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಿಸಿ. ಬ್ಯಾಂಕಿಗೆ ಅವತ್ತೇ ಪತ್ರ ಕೊಡಿ. ನಮಸ್ಕಾರ.