ಬೀಪಿ ಮಾತ್ರೆ ಅಂದ್ರೆ ಎಲ್ಲಾ ಒಂದೇ ಅಲ್ಲ

ನಮಸ್ಕಾರ ಕೇಳುಗರೇ. ಬೀಪಿ ಮಾತ್ರೆ ನುಂಗೋರು ಇಲ್ದೇ ಇರೋ ಮನೆ ಈಗ ಹುಡುಕ್ಬೇಕು, ಆದ್ರೆ ಅದು ಒಳಗೋಗಿ ಏನ್ ಮಾಡತ್ತೆ ಅಂತ ಕೇಳಿ ನೋಡಿ, ಬೀಪಿ ಇಳಿಸತ್ತೆ ಅನ್ನೋದು ಬಿಟ್ರೆ ಬೇರೆ ಉತ್ತರ ಬರಲ್ಲ. ಅದಕ್ಕೇ ನೋಡಿ, ನಮ್ದು ಖಾಲಿಯಾಯ್ತು ಅಂತ ಪಕ್ಕದ್ಮನೆ ಸ್ಟ್ರಿಪ್ಪಿಂದ ಒಂದು ಕಡ ತಗೊಳೋದು ಆರಾಮಾಗಿ ನಡ್ಕೊಂಡ್ ಹೋಗ್ತಿದೆ.

ನಮ್ಕಡೆ ತುಂಬಾ ಜನಕ್ಕೆ ಬರ್ಕೊಡೋದು ಆಮ್ಲೋಡಿಪಿನ್. ರಕ್ತನಾಳದ ಗೋಡೆಲಿ ಸ್ನಾಯು ಇರತ್ತೆ, ಅದು ಬಿಗಿಯಾಗ್ಬೇಕಂದ್ರೆ ಅದರ ಕೋಶದೊಳಕ್ಕೆ ಕ್ಯಾಲ್ಸಿಯಂ ಹೋಗ್ಬೇಕು, ಈ ಮಾತ್ರೆ ಆ ದಾರಿ ತಡೆಯತ್ತೆ, ನಾಳ ಸಡಿಲ ಆಗತ್ತೆ. ಹಾಗಾದ್ರೆ ಹಾಲು ಮೊಸರು ಬಿಡ್ಬೇಕಾ ಅಂತ ಕೇಳೋರಿದಾರೆ, ಬೇಡ ಸ್ವಾಮಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದ್ರೆ ಕೆಲವರಿಗೆ ಸಂಜೆ ಹೊತ್ಗೆ ಪಾದ ಊದ್ಕೊಂಡು ಚಪ್ಪಲಿ ಪಟ್ಟಿ ಅಚ್ಚು ಬೀಳತ್ತೆ. ಕಿಡ್ನಿ ಹೋಯ್ತು ಅಂತ ಗಾಬರಿ. ಎಷ್ಟೋ ಸಲ ಅದು ಮಾತ್ರೆದೇ ಕೆಲ್ಸ: ರಕ್ತ ತರೋ ಸಣ್ಣ ನಾಳ ಅಗಲ ಆಗತ್ತೆ, ವಾಪಸ್ ಒಯ್ಯೋ ನಾಳ ಅಷ್ಟು ಅಗಲ ಆಗಲ್ಲ, ನಡುವೆ ನೀರು ಹೊರಗೆ ಜಿನುಗತ್ತೆ. ಡಾಕ್ಟ್ರಿಗೆ ಹೇಳಿದ್ರೆ ಡೋಸ್ ಇಳಿಸ್ತಾರೆ, ಇಲ್ಲಾ ಮಾತ್ರೆ ಬದಲಾಯಿಸ್ತಾರೆ.

ಇನ್ನೊಂದು ಗುಂಪಿನ ಕಥೆ ಶುರುವಾಗಿದ್ದು ಹಾವಿಂದ, ನಿಜವಾಗ್ಲೂ. ಬ್ರೆಜಿಲ್‌ನ ಜರರಾಕಾ ಅನ್ನೋ ಹಾವಿನ ವಿಷದಲ್ಲಿದ್ದ ಅಂಶಗಳ ಜಾಡು ಹಿಡಿದೇ ಕ್ಯಾಪ್ಟೋಪ್ರಿಲ್ ತಯಾರಾಯ್ತು, 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ನಮ್ಮ ಮೈಯಲ್ಲಿ ಆಂಜಿಯೋಟೆನ್ಸಿನ್ ಅಂತ ಒಂದು ವಸ್ತು ಇದೆ, ಅದು ನಾಳ ಬಿಗಿ ಮಾಡತ್ತೆ, ಉಪ್ಪು ನೀರನ್ನ ಹಿಡಿದಿಟ್ಕೊಳೋ ಹಾಗೆ ಮಾಡತ್ತೆ. ಅದನ್ನ ತಯಾರು ಮಾಡೋ ಎಂಜೈಮನ್ನೇ ರಾಮಿಪ್ರಿಲ್, ಎನಾಲಾಪ್ರಿಲ್ ತಡೀತವೆ. ತೊಂದ್ರೆ ಏನಂದ್ರೆ ಅದೇ ಎಂಜೈಮು ಬ್ರಾಡಿಕೈನಿನ್ ಅನ್ನೋದನ್ನೂ ಒಡೀತಾ ಇರತ್ತೆ, ಅದು ಉಳ್ಕೊಂಡ್ರೆ ಕೆಲವರಿಗೆ ಒಣಕೆಮ್ಮು, ರಾತ್ರಿಯೆಲ್ಲಾ ಕೊಕ್ ಕೊಕ್ ಅಂತ, ಎಷ್ಟು ಸಿರಪ್ ಕುಡಿದ್ರೂ ನಿಲ್ಲಲ್ಲ, ಮಾತ್ರೆ ನಿಲ್ಲಿಸಿದ್ರೇ ನಿಲ್ಲೋದು. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಈ ಎಂಜೈಮಿನ ತಂಟೆಗೆ ಹೋಗಲ್ಲ, ಆಂಜಿಯೋಟೆನ್ಸಿನ್ ಹೋಗಿ ಕೂರೋ ಜಾಗಾನೇ ಹಿಡ್ಕೊಂಡ್ಬಿಡ್ತವೆ, ಅದಕ್ಕೇ ಕೆಮ್ಮು ಕಮ್ಮಿ. ಗರ್ಭಿಣಿಯರಿಗೆ ಮಾತ್ರ ಈ ಎರಡೂ ಗುಂಪು ಕೂಡದು, ಮಗೂಗೆ ಅಪಾಯ.

ಕ್ಲೋರ್ಥಾಲಿಡೋನ್ ಥರದ್ದು ಉಪ್ಪು ನೀರನ್ನ ಮೂತ್ರದಲ್ಲಿ ಕಳಿಸತ್ತೆ, ಹಳೇದು, ಅಗ್ಗ, ಒಳ್ಳೇ ಕೆಲ್ಸ ಮಾಡತ್ತೆ, ವಯಸ್ಸಾದೋರಿಗೆ ಸೋಡಿಯಂ ಕುಸಿಯಬಹುದು ಅಷ್ಟೆ ನೋಡ್ಕೋಬೇಕು. ಮೆಟೊಪ್ರೊಲಾಲ್, ಅಟೆನೊಲಾಲ್ ಹೃದಯದ ಓಟಾನೇ ನಿಧಾನ ಮಾಡ್ತವೆ. ಈ ಗುಂಪಿನ ಮೊದಲ ಮಾತ್ರೆಗಳನ್ನ ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಬಂತು. ಆಸ್ತಮಾ ಇರೋರು ಮೊದಲೇ ಹೇಳ್ಬೇಕು, ಮತ್ತೆ ಇದನ್ನ ದಿಢೀರಂತ ಬಿಡೋಹಾಗಿಲ್ಲ, ಎದೆ ಡವಡವ ಜೋರಾಗತ್ತೆ, ಹೃದಯದ ತೊಂದ್ರೆ ಇದ್ರೆ ಎದೆನೋವೇ ಬರಬಹುದು.

ಹಾಂ, ಮಂಡಿನೋವಿನ ಮಾತ್ರೆ ವಿಷ್ಯ ಬಿಟ್ಟೋಗ್ತಿತ್ತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೀಪಿ ಏರಿಸ್ತವೆ, ಅದರಲ್ಲೂ ಸಾರ್ಟಾನು, ಮೂತ್ರದ ಮಾತ್ರೆ ಎರಡೂ ತಗೊಳೋರು ಇದನ್ನೂ ಸೇರಿಸಿದ್ರೆ ಕಿಡ್ನಿಗೆ ಪೆಟ್ಟು. ಹಂಗಾಗಿ ಮೆಡಿಕಲ್ ಶಾಪಲ್ಲಿ ನೋವಿನ ಮಾತ್ರೆ ಕೇಳೋ ಮುಂಚೆ ನಿಮ್ಮ ಬೀಪಿ ಸ್ಟ್ರಿಪ್ ಒಂದ್ಸಲ ತೋರಿಸ್ಬಿಡಿ.